ಜಡೆ ಹಾಕುವ ಹೊತ್ತಿನ ಮಗ್ಗಿ

ಇವತ್ತು ಬೆಳಿಗ್ಗೆ ಅವ್ವ ನನ್ನ ಅಣ್ಣನ ಮಗಳು ಸಿಂಚನಳಿಗೆ ಜಡೆ ಹಾಕುತ್ತಿದ್ದಳು. ಏಳರ ಮಗ್ಗಿ ಹೇಳುತ್ತಿದ್ದ ಹುಡುಗಿ ‘ಏಳಾರ್ಲಿ’ ಎಂದು ತಡೆದು, ಅವ್ವನ ಕೈ ಅಲ್ಲಾಡುವ ಮುಂಚೆಯೇ ಭುಜ ಮೇಲೇರಿಸಿ ಕತ್ತು ಬಿಗಿಹಿಡಿದಳು. ನೋಡುತ್ತಿದ್ದ ನನ್ನ ಕತ್ತೂ ಬಿಗಿಯಿತು.

ನಮ್ಮೂರು ದುದ್ದದ ಇದೇ ಮನೆಯ ಜಗುಲಿಯ ಮೆಟ್ಟಿಲಲ್ಲಿ ನಾನೂ ಹೀಗೇ ಕೂರುತ್ತಿದ್ದೆ. ಎರಡೂ ಕಡೆ ಅವ್ವನ ಮೊಣಕಾಲು, ಹಣೆಗೆ ಇಳಿಯುವ ಕೊಬ್ಬರಿ ಎಣ್ಣೆ, ಅವಳ ಸೀರೆಯಲ್ಲಿ ಹಸುವಿನ ವಾಸನೆ. ಜಡೆ ಅವಳ ಮುಷ್ಟಿಯಲ್ಲಿರುವವರೆಗೆ ಮಿಸುಕಾಡುವಂತಿರಲಿಲ್ಲ.

ಮಗ್ಗಿ ಹೇಳುತ್ತಾ ನಡುವೆ ತಡೆದರೆ, “ಯಾಕೇ ನಿಂತ್ಕಂಡೆ? ಏಳೆಂಟ್ಲಿ ನುಂಗ್ಬುಟ್ಯಾ?” ಎಂದು ಜಡೆ ಜಗ್ಗುತ್ತಿದ್ದಳು.

ಶಾಲೆಗೆ ಹೋಗದ ಅವ್ವನಿಗೆ ಮಗ್ಗಿ ಬರುತ್ತಿರಲಿಲ್ಲ. ತಪ್ಪು ಹೇಳಿದ್ದು ಅವಳಿಗೆ ತಿಳಿಯುತ್ತಿರಲಿಲ್ಲ, ತಡವರಿಸಿದ್ದು ಮಾತ್ರ ತಿಳಿಯುತ್ತಿತ್ತು. ಹಾಗಾಗಿ ಬಾಯಿಗೆ ಬಂದ ಸಂಖ್ಯೆಯನ್ನೇ ಸರಾಗವಾಗಿ ಹೇಳುವುದನ್ನು ಕಲಿತೆ. “ಈಗ ನೋಡು, ಎಂಗೆ ಬತ್ತದೆ,” ಎಂದು ರಿಬ್ಬನ್ ಕಟ್ಟುತ್ತಿದ್ದಳು. ಆ ತಪ್ಪುಗಳಿಗೆ ಶಾಲೆಯಲ್ಲಿ ಮೇಷ್ಟ್ರಿಂದ ಏಟು ಬೀಳುತ್ತಿತ್ತು. ಕನ್ನಡ ಎಂ.ಎ. ಮುಗಿಸಿದ ಮೇಲೂ ಯಾರಾದರೂ ಏನಾದರೂ ಕೇಳಿದರೆ, ಯೋಚಿಸಲು ಹೆದರಿ ಏನೋ ಒಂದು ಹೇಳಿಬಿಡುತ್ತೇನೆ.

“ಏಳಾರ್ಲಿ ನಲವತ್ತಾರು,” ಎಂದಳು ಸಿಂಚನ ಪಟ್ಟನೆ.

“ಭೇಷ್ ಕಣವ್ವ. ಥೇಟ್ ನಿಮ್ಮತ್ತೇನೇ ನೀನು,” ಎಂದಳು ಅವ್ವ.

ಅದು ನಲವತ್ತೆರಡು. ನಾಳೆಯಿಂದ ಅವ್ವ ಡೈರಿಗೆ ಹಾಲು ಹಾಕಿ ಬರುವುದರೊಳಗೆ ಮಗುವಿಗೆ ನಾನೇ ಜಡೆ ಹಾಕಿಬಿಡುತ್ತೇನೆ. ಮಗ್ಗಿ ಸಂಜೆಗಿರಲಿ, ತೋಟದಲ್ಲಿ ಓಡಾಡಿಕೊಂಡು, ಸಿಂಚನಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.