ಜಾಲರಿ ಬಿಚ್ಚಿಸಿದವರು ಯಾರು

ಹರಿಹರದ ಗುತ್ತೂರಿನ ಹತ್ತಿರ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಅಲ್ಲಿನ ತಗಡು ಒತ್ತುವ ನಾಲ್ಕು ಪ್ರೆಸ್‌ಗಳಿಗೆ ಕೈ ಸಿಗದಂತೆ ಜಾಲರಿ ಇರುತ್ತದೆ. ಕೆಲಸ ಬೇಗ ಸಾಗಲೆಂದು ಕೆಲಸದವರು ಅದನ್ನು ಬಿಚ್ಚಿಡುತ್ತಾರೆ. ಆ ಬೆಳಿಗ್ಗೆ ಮತ್ತೆ ನಾಲ್ಕೂ ಜಾಲರಿಗಳು ಮೂಲೆಯಲ್ಲಿದ್ದವು. ನಾನು ಸುರಕ್ಷತಾ ರಿಜಿಸ್ಟರ್ ತೆರೆದು ಎಲ್ಲರಿಗೂ ನಿಯಮಗಳನ್ನು ಓದಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಳೆಯ ಆಪರೇಟರ್ ಶಬಾನಾ ಹೇಳಿದಳು: "ಓದಬ್ಯಾಡ್ರಿ ಅಮ್ಮಾರೆ. ಹೋದ ವರ್ಷ ನನ್ನ ಕೈ ಹೆಂಗೆ ಉಳೀತು, ಅದನ್ನ ಹೇಳ್ರಿ."

ರಿಜಿಸ್ಟರಿನಲ್ಲಿ ಆ ಅವಘಡಕ್ಕೆ ಕಾರಣ 'ಕೆಲಸಗಾರ್ತಿಯ ಅಜಾಗರೂಕತೆ' ಎಂದು ದುಂಡಗೆ ಬರೆದವಳು ನಾನೇ. ನಿಜ ಹೇಳಿದರೆ ಇವರು ಇನ್ನು ನನ್ನನ್ನು ಲೆಕ್ಕಕ್ಕಿಡುತ್ತಾರೆಯೇ ಎಂಬ ಭಯ. ಹೇಳದಿದ್ದರೆ ಇವತ್ತೇ ಯಾರದಾದರೂ ಬೆರಳು ಹೋದೀತೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

"ಅವತ್ತು ಆರ್ಡರ್ ಅರ್ಜೆಂಟ್ ಇತ್ತು," ಎಂದೆ. "ಜಾಲರಿ ಬಿಚ್ಚು ಅಂದೋಳು ನಾನೇ. ಪ್ರೆಸ್ ಇಳಿದಾಗ ಇವಳ ಬಳೆ ಒಡೆದ ಸದ್ದು ಕೇಳ್ತು. ಕೈ ಹೋತು ಅಂತ ಕಣ್ಣು ಮುಚ್ಕೊಂಡೆ. ತೆರೆಯೋಕೆ ಧೈರ್ಯ ಬರಲಿಲ್ಲ."

"ನಾನು ಕೈ ಎಳ್ಕೊಂಡಿದ್ದೆ, ಬಳೆ ಅಷ್ಟೇ ಹೋತು. ಆಮ್ಯಾಲೆ ನಾನೇ ಅಮ್ಮಾರಿಗೆ ನೀರು ಕುಡಿಸ್ದೆ," ಎಂದಳು ಶಬಾನಾ.

ಒಬ್ಬರೂ ನಗಲಿಲ್ಲ. ನನ್ನಂಥ ಎಂ.ಎ. ಓದಿದವಳಿಗೆ ಮಾತು ಮುಗಿದ ಮೇಲೆ ಚಪ್ಪಾಳೆಯ ಆಸೆ ಇರುತ್ತದೆ. ಅಲ್ಲಿ ಎಲ್ಲರೂ ಜಾಲರಿ ಕೂರಿಸಲು ಸ್ಪ್ಯಾನರ್ ಹುಡುಕುತ್ತಿದ್ದರು.