ಕಾಕಾ ಹೂ ಕೀಳದ ಗಿಡ

ನನಗೆ ಊರಿನ ಎಲ್ಲರ ದನಿಯೂ ಬರುತ್ತದೆ. ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್ ಚಿಲ್ಲರೆಗಾಗಿ ಸಿಡುಕುವುದು, ಗದಗಿನ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಸವಾಲು ಕೂಗುವವನ ಗಂಟಲು, ಬೀಗರ ಫೋನ್ ಬಂದಾಗ ನಮ್ಮಪ್ಪ ಎಲ್ಲಿಂದಲೋ ತಂದುಕೊಳ್ಳುವ ಮೆತ್ತನೆಯ ಮಾತು, ಎಲ್ಲ ಮಾಡಿ ತೋರಿಸುತ್ತೇನೆ. ಮುಂಡರಗಿಗೆ ಹೆಣ್ಣು ನೋಡಲು ಹೋದಾಗ ನಾನು ನನ್ನ ಹೆಸರು ಹೇಳಲು ತಡವರಿಸಿದ್ದನ್ನೂ ಮಾಡುತ್ತೇನೆ. ಆ ಸಂಬಂಧ ಕೂಡಲಿಲ್ಲ. ಹುಡುಗಿಯ ಅಜ್ಜನ ಕೆಮ್ಮನ್ನು ಅವರ ಪಡಸಾಲೆಯಲ್ಲೇ ಕೂತು ಕೆಮ್ಮಿ ತೋರಿಸಿದ್ದು ತಪ್ಪಾಯಿತೆಂದು ಮನೆಯವರ ಅಭಿಪ್ರಾಯ.

ಎಂದೂ ನೋಡದ, ಎಂದೂ ಕೇಳದ ಒಬ್ಬನ ದನಿಯೂ ನನಗೆ ಬರುತ್ತಿತ್ತು. ಅವನು ನಮ್ಮ ಕಾಕಾನ ಗೆಳೆಯ. ಸೇಬು ಬೆಳೆಯುವ ಗುಡ್ಡದ ಸೀಮೆಯವನು. ಯುದ್ಧದಲ್ಲಿ ಇಬ್ಬರೂ ಒಂದೇ ಬಂಕರಿನಲ್ಲಿದ್ದರು. ಕಾಕಾ ತಿರುಗಿ ಬಂದ, ಅವನು ಬರಲಿಲ್ಲ.

ಬಂಕರಿನಲ್ಲಿ ಡಬ್ಬಿಯ ಊಟ ತಿಂದು ನಾಲಿಗೆ ಸತ್ತುಹೋದಾಗ ಕಾಕಾ ಪೇರಲದ ಸುದ್ದಿ ತೆಗೆಯುತ್ತಿದ್ದನಂತೆ. ನಾಲ್ಕು ಹೋಳು ಮಾಡಿ, ಮೇಲೆ ಉಪ್ಪು ಖಾರ ಉದುರಿಸಿ, ಹೊಲದ ಬದುವಿನ ಮೇಲೆ ಕೂತು ತಿನ್ನುವ ಬಗೆ. ಗೆಳೆಯ ಹಿಂದಿಯಲ್ಲಿ ಹೇಳಿದ್ದನ್ನು ಕಾಕಾ ನಮಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದ, ರಾಗ ಮಾತ್ರ ಆ ಗೆಳೆಯನದೇ:

“ಅರೇ ಮದ್ರಾಸಿ, ಪೇರಲದಾಗ ಬರೇ ಕಲ್ಲ ಇರ್ತಾವ. ಅದೂ ಒಂದ್ ಹಣ್ಣೇನ?”

“ನಾ ಮದ್ರಾಸಿ ಅಲ್ಲಲೇ, ಗದಗಿನಾಂವ.”

“ಆತಪಾ. ಗದಗ ಮದ್ರಾಸಿನ್ಯಾಗ ಎಲ್ಲಿ ಬರತೈತಿ?”

ಆಮೇಲೆ ಸೈಕಲ್ ಪಂಪಿನಂಥ ಒಂದು ನಗು. ಮೂಗಿನಲ್ಲಿ ಹುಟ್ಟಿ ಎದೆಯಲ್ಲಿ ಗಾಳಿ ಬಿಟ್ಟು ಮುಗಿಯುವಂಥದ್ದು. ಇದನ್ನು ಕಾಕಾನಿಂದ ಹತ್ತಾರು ಸಲ ಕೇಳಿ ನಾನು ಕಲಿತೆ. ಮದುವೆ ಮನೆಗಳಲ್ಲಿ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕಾಕಾನೇ.

“ಯುದ್ಧ ಮುಗಿದ ಮ್ಯಾಲ ನಮ್ಮೂರಿಗೆ ಬಾ. ನನ್ನ ಕೈಯಾರೆ ಬೆಳದ ಪೇರಲ ಮೊದಲ ನಿನಗ ತಿನ್ನಸ್ತೀನಿ. ಕಲ್ಲೋ ಹಣ್ಣೋ ಆವಾಗ ಹೇಳು” ಎಂದು ಕಾಕಾ ಅವನಿಗೆ ಮಾತು ಕೊಟ್ಟಿದ್ದ. ಪಿಂಚಣಿ ತೆಗೆದುಕೊಂಡು ಊರಿಗೆ ಬಂದಾಗ, ಯಳವತ್ತಿ ರಸ್ತೆಯ ಹೊಲದಲ್ಲಿ ಜೋಳ ಶೇಂಗಾ ಬಿಟ್ಟು ಪೇರಲ ಹಚ್ಚಿದ್ದು ಆ ಮಾತಿಗಾಗಿ. ‘ಮಿಲ್ಟ್ರಿಗೆ ತಲಿ ತಿರುಗೈತಿ’ ಎಂದರು ಊರವರು. ಕಾಕಾ ಹಗ್ಗ ಹಿಡಿದು, ಒಂದು ಕಣ್ಣು ಮುಚ್ಚಿ, ಸಾಲು ನೆಟ್ಟಗಿದೆಯೋ ಇಲ್ಲವೋ ನೋಡುತ್ತಿದ್ದ. ನಾನು ಬದುವಿನ ಮೇಲೆ ನಿಂತು ಅವನದೇ ದನಿಯಲ್ಲಿ ಸಸಿಗಳಿಗೆ ‘ಸಾವಧಾನ್’ ಕೂಗುತ್ತಿದ್ದೆ.

ಪೇರಲಕ್ಕೊಂದು ಕಟ್ಟಳೆಯಿದೆ. ಮೊದಲ ಎರಡು ವರ್ಷ ಬಂದ ಹೂವನ್ನೆಲ್ಲ ಚಿವುಟಿ ಹಾಕಬೇಕು. ಹಣ್ಣಿನ ಆಸೆಗೆ ಬಿಟ್ಟರೆ ಗಿಡ ಮೇಲೇಳುವುದಿಲ್ಲ. ಕಾಕಾ, ಅವನ ಹೆಂಡತಿ ಕಾಕು, ನಾನು ಮೂವರೂ ಸಾಲು ಹಿಡಿದು ಚಿವುಟುತ್ತ ಹೋದೆವು. ಹೊಂಡದ ದಂಡೆಯ ಗಿಡ ಬಂದಾಗ ಕಾಕಾ ನನ್ನ ಕೈ ಹಿಡಿದ.

“ಅದನ್ನ ಮುಟ್ಟಬ್ಯಾಡ.”

“ಯಾಕ, ಅದೇನ್ ಮೇಜರ್ ಸಾಹೇಬನ?”

“ಅದು ಅವಂದು.”

ಕಾಕು ಸೆರಗಿನಿಂದ ಮುಖ ಒರೆಸಿಕೊಂಡಳು. “ಹೂ ತಗದ್ರ ಅದೂ ನಾಕ್ ಮಂದಿಯಂಗ ಬೆಳಿತೈತ್ರಿ. ಇನ್ನೆರಡ ವರ್ಷ ಕಾದ್ರ ಆತು.”

“ಅವ ಕಾದು ಕಾದು ಸಾಕಾಗ್ಯಾನ” ಎಂದ ಕಾಕಾ.

ಹೀಗಾಗಿ ಉಳಿದ ಗಿಡಗಳು ತಲೆಯೆತ್ತರ ಬೆಳೆದರೂ ಅದೊಂದು ಸೊಂಟದ ಮಟ್ಟಕ್ಕೇ ನಿಂತಿತು. ಮೊದಲ ಸಲದ ಎಳೆಗಾಯಿಗಳೂ ಹಣ್ಣಾಗುವ ಮೊದಲೇ ಉದುರಿದವು. ಮರುವರ್ಷ ಐದು ಕಾಯಿ ನಿಂತವು. ಭಾರ ತಾಳದ ಟೊಂಗೆಗೆ ಕಾಕಾ ತನ್ನ ಹಳೆಯ ಮಿಲ್ಟ್ರಿ ಸೊಂಟಪಟ್ಟಿ ಬಿಗಿದು ಗೂಟಕ್ಕೆ ಕಟ್ಟಿದ. ದಿನಾ ಸಂಜೆ ಅದರ ಹತ್ತಿರ ಕುಕ್ಕರಗಾಲಿನಲ್ಲಿ ಕೂಡುತ್ತಿದ್ದ. ಹಣ್ಣಾದರೂ ಕೀಳಲಿಲ್ಲ, ಯಾರಿಗೂ ಕೀಳಗೊಡಲಿಲ್ಲ.

ಸೀಗಿ ಹುಣ್ಣಿಮೆ ಬಂತು. ಅಂದು ಭೂಮಿತಾಯಿಗೆ ಉಣಿಸಲು ಹೊಲದ ತುಂಬ ಚರಗ ಚೆಲ್ಲುತ್ತೇವೆ. ಕಡಬು, ಅನ್ನ, ಪಲ್ಯ ಕಲೆಸಿದ ಬುಟ್ಟಿ ಹಿಡಿದು ಒಬ್ಬ ಮುಂದೆ ನಡೆಯುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗಿ ಚೆಲ್ಲಬೇಕು. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ‘ಸಲಾಂಬ್ರಿಗೋ’ ಎಂದು ಉತ್ತರ ಕೊಡಬೇಕು. ಮುಂದೆ ಕಾಕಾ, ಹಿಂದೆ ನಾನು. ಮೂರು ಸಾಲು ಸುಮ್ಮನೆ ಉತ್ತರ ಕೊಟ್ಟೆ. ಹೊಂಡದ ದಂಡೆ ಬಂದಾಗ ನನ್ನ ನಾಲಿಗೆ ತುರಿಸಿತು.

“ಹುಲ್ಲುಲ್ಲಿಗೋ” ಎಂದ ಕಾಕಾ.

“ಸಲಾಂಬ್ರಿಗೋ, ಅರೇ ಮದ್ರಾಸಿ” ಎಂದೆ, ಮೂಗಿನಲ್ಲಿ. ಪಂಪಿನ ನಗುವನ್ನೂ ಬಿಟ್ಟೆ.

ಕಾಕಾ ನಿಂತುಬಿಟ್ಟ. ತಿರುಗಲಿಲ್ಲ. “ಇನ್ನೊಮ್ಮೆ ನಗು” ಎಂದ. ನಕ್ಕೆ. “ಇನ್ನೊಮ್ಮೆ.” ಮತ್ತೆ ನಕ್ಕೆ. ಈ ಸಲ ನನಗೇ ನಗು ಕಹಿಯಾಯಿತು.

“ಇದು ಅವಂದಲ್ಲಲೇ” ಎಂದ ಕಾಕಾ ನಿಧಾನಕ್ಕೆ. “ಇದು ನಂದು. ನಾ ಮಾಡಿ ತೋರಿಸಿದ್ದನ್ನ ನೀ ಮಾಡಾಕತ್ತಿ.”

“ಮತ್ತ ಅವಂದು ಹೆಂಗಿತ್ತ, ಕಾಕಾ? ಹೇಳು, ಕಲೀತೀನಿ.”

ಅವನು ಬಾಯಿ ತೆರೆದ. ಮೂಗಿನಿಂದ ಒಂದು ದನಿ ಎತ್ತಿಕೊಂಡ, ಬಿಟ್ಟ. ಗಂಟಲು ಸರಿಮಾಡಿಕೊಂಡು ಇನ್ನೊಂದು ಎತ್ತಿಕೊಂಡ. ಪ್ರತಿ ಸಲವೂ ನಾನು ಮಾಡುವುದೇ ಹೊರಗೆ ಬಂತು. ನನಗೆ ತಂಬಿಗೆ ನೆಲಕ್ಕಿಟ್ಟು ಓಡಿಹೋಗಬೇಕೆನ್ನಿಸಿತು. ಮದುವೆ ಮನೆಗಳಲ್ಲಿ ನನ್ನ ನಗು ಕೇಳುತ್ತ ಅವನು ಅದನ್ನೇ ಗೆಳೆಯನದೆಂದು ಒಪ್ಪಿಕೊಂಡಿದ್ದ. ಆ ನಡುವೆ ಎಲ್ಲೋ ನಿಜವಾದದ್ದು ಜಾರಿಹೋಗಿತ್ತು.

“ಹೋತು” ಎಂದ.

ಬುಟ್ಟಿ ಇಳಿಸಿ, ಗಿಡದ ಐದೂ ಹಣ್ಣು ಕಿತ್ತ. ಒಂದನ್ನು ಕೈಯಲ್ಲೇ ಸೀಳಿ ಅರ್ಧವನ್ನು ಬುಡದ ಮಣ್ಣಿಗೆ ಇಟ್ಟ. ಉಳಿದ ಅರ್ಧ ಬಾಯಿಗೆ ಹಾಕಿಕೊಂಡ. ಬೀಜ ಕಟಕಟ ಅಂದವು. ಬಹಳ ಹೊತ್ತು ಅಗಿದ.

“ಖರೇನ ಕಲ್ಲ ಅದಾವಲೇ” ಎಂದ. ಮೂಗಿನಲ್ಲಲ್ಲ, ತನ್ನದೇ ದನಿಯಲ್ಲಿ. ಆಮೇಲೆ ಬುಟ್ಟಿ ಎತ್ತಿಕೊಂಡು ಮುಂದೆ ನಡೆದ.

“ಹುಲ್ಲುಲ್ಲಿಗೋ.”

ನಾನು ಉತ್ತರ ಕೊಡಬೇಕಿತ್ತು. ಯಾರ ದನಿಯನ್ನೂ ಎತ್ತಿಕೊಳ್ಳದೆ ಕೂಗಿದೆ. ತೆಳ್ಳಗೆ, ನಡುವೆ ಒಡೆದು, ಪಕ್ಕದ ಹೊಲದವರೂ ತಿರುಗಿ ನೋಡುವಂತೆ ಬಂತು.

“ಯಾರದಲೇ ಆ ದನಿ, ನಿಂದ?” ಎಂದ ಕಾಕಾ.

“ಹೂಂ ಕಾಕಾ, ನಂದ.”

“ಇದರಾಗನ ಕೂಗು” ಎಂದು ಮುಂದಿನ ಸಾಲಿಗೆ ಹೊರಳಿದ.