ಫ್ಯಾನ್ ಹಾಕದ ಕೋಣೆ

ಬಿಸಿಲಿನ ಬಣ್ಣ ಹಳದಿ ಎಂದವರು ಮೇ ತಿಂಗಳಲ್ಲಿ ನಾಗಪುರಕ್ಕೆ ಬಂದಿರಲಿಕ್ಕಿಲ್ಲ. ನಮ್ಮ ಯಜಮಾನರ ನೌಕರಿ ಹತ್ತಿರದ ಮೌದಾದ ವಿದ್ಯುತ್ ಸ್ಥಾವರದಲ್ಲಿ. ಒಮ್ಮೆ ಮಧ್ಯಾಹ್ನ ಅವರ ಜೊತೆ ಆ ರಸ್ತೆಯಲ್ಲಿ ಹೋಗುವಾಗ ಆಕಾಶ, ಹೊಲ ಎರಡೂ ಒಂದೇ ಬೂದು ಬಣ್ಣವಾಗಿ, ನಡುವಿನ ಗೆರೆಯೇ ಅಳಿಸಿಹೋಗಿತ್ತು. ಆವತ್ತಿನಿಂದ ಮನೆ, ಮರ, ಮನುಷ್ಯರನ್ನು ಬರೆಯುವುದು ಬಿಟ್ಟೆ. ಜಲವರ್ಣದಲ್ಲಿ ಬರೀ ಆ ಬಿಸಿಲನ್ನೇ ಬರೆಯುತ್ತೇನೆ. ಚೆನ್ನಾಗಿಯೇ ಬರೆಯುತ್ತೇನೆ, ಹೇಳಿಕೊಳ್ಳಲು ಸಂಕೋಚವೇನು?

ಅತ್ತೆಗೆ ಮಾತ್ರ ಅದು ಚಿತ್ರವೇ ಅಲ್ಲ. "ನೀರು ಚೆಲ್ಲಿ ಒರಸೋದು ಮರ್ತೀಯೇನವ್ವಾ?" ಎಂದು ಬಂದವರೆದುರಿಗೇ ಕೇಳುವರು. ನಾನು ನಗುತ್ತಿದ್ದೆ, ಒಳಗೊಳಗೇ ಉರಿಯುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಸದರ್ ಬಡಾವಣೆಯ ಒಂದು ಗ್ಯಾಲರಿಯವರು ತಮ್ಮ ಪ್ರದರ್ಶನಕ್ಕೆ ನನ್ನನ್ನೂ ಕರೆದರು. ಬಾಗಿಲಿಗೆ ಎದುರಿನ ಗೋಡೆಗೆ ದೊಡ್ಡ ಚಿತ್ರ ಬೇಕು, ಶನಿವಾರದೊಳಗೆ ಕೊಡದಿದ್ದರೆ ಗೋಡೆ ಇನ್ನೊಬ್ಬರಿಗೆ ಎಂದರು. ಅಷ್ಟು ದೊಡ್ಡ ಕಾಗದ ನನ್ನಲ್ಲಿ ಒಂದೇ ಹಾಳೆ ಉಳಿದಿತ್ತು; ಹೊಸದು ತರಿಸಿದರೆ ಬರಲು ವಾರ ಬೇಕು.

ಈ ಊರಿನ ಬೇಸಿಗೆಯಲ್ಲಿ ಜಲವರ್ಣ ಹುಡುಗಾಟವಲ್ಲ. ಕುಂಚ ಬಣ್ಣಕ್ಕೆ ಹೋಗಿ ಬರುವಷ್ಟರಲ್ಲಿ ಕಾಗದ ಒಣಗಿ, ಅಂಚು ಗೆರೆಗಟ್ಟುತ್ತದೆ. ಅದಕ್ಕೇ ಕಿಟಕಿ ಮುಚ್ಚಿ, ಕೂಲರ್, ಫ್ಯಾನ್ ಎರಡೂ ಬಂದ್ ಮಾಡಿ, ಕೋಣೆ ತುಂಬ ಒದ್ದೆ ಚಾದರ ಕಟ್ಟಿ ಆ ಸೆಕೆಯಲ್ಲಿ ಕೂಡುತ್ತೇನೆ. ಗುರುವಾರ ಹಾಗೆಯೇ ಕೂತಿದ್ದೆ. ಬೂದು ಬಣ್ಣ ಮೆಲ್ಲಗೆ ಹರಡತೊಡಗಿತ್ತು. ಅತ್ತೆ ಮಜ್ಜಿಗೆ ಹಿಡಿದು ಒಳಗೆ ಬಂದರು.

"ಅಯ್ಯ ಶಿವನ, ಹೆಂಗ ಬೆವರಾಕತ್ತೀಯಲ್ಲ! ಹುಚ್ಚು ಹಿಡದೈತೇನು?" ಎಂದವರೇ ಫ್ಯಾನ್ ಹಾಕಿಬಿಟ್ಟರು. ಐದು ನಂಬರಿಗೆ!

ನೀರೆಲ್ಲ ಒಂದು ಮೂಲೆಗೆ ಓಡಿತು. ನಾನೆದ್ದು ಬಂದ್ ಮಾಡುವಷ್ಟರಲ್ಲಿ ಹಾಳೆ ತುಂಬ ಗೆರೆ. "ಅತ್ತೀ, ಇದು ಚೆಲ್ಲಿದ ನೀರಲ್ರಿ, ನನ್ನ ಕೆಲಸಾರಿ!" ಎಂದು ಚೀರಿದೆ. ಮದುವೆಯಾದ ಮೇಲೆ ಅವರೆದುರು ದನಿ ಏರಿಸಿದ್ದು ಅದೇ ಮೊದಲು. ಅವರು ಮಜ್ಜಿಗೆ ಕೆಳಗಿಟ್ಟು ಹೊರಗೆ ಹೋದರು.

ಶುಕ್ರವಾರ ಆ ಹಾಳೆಯನ್ನೇ ಮಗುಚಿ, ಹಿಂದಿನ ಮಗ್ಗುಲಿಗೆ ನೀರು ಸವರಿದೆ. ಅತ್ತೆ ಒಳಗೆ ಬಂದು ಬಾಗಿಲು ಹಾಕಿಕೊಂಡರು. "ನಾ ಇಲ್ಲೇ ಕೂಡ್ತೀನಿ. ಯಾರ ಸ್ವಿಚ್ ಮುಟ್ತಾರ ನೋಡೂಣು" ಎಂದರು. ಪೂರ್ತಿ ಮೂರು ತಾಸು! ಸೆರಗಿನಿಂದ ಮುಖ ಒರೆಸಿಕೊಂಡರೇ ಹೊರತು ಗಾಳಿ ಬೀಸಿಕೊಳ್ಳಲಿಲ್ಲ. ಚಾದರ ಒಣಗಿದರೆ ತಾವೇ ಎದ್ದು ನೀರು ಚಿಮುಕಿಸಿದರು. ಚಿತ್ರ ನಾನು ಅಂದುಕೊಂಡಂತೆಯೇ ಬಂತು.

ಶನಿವಾರ ಅತ್ತೆ, ನಾನು ಇಬ್ಬರೂ ಸದರ್‌ಗೆ ಹೋದೆವು. ಗ್ಯಾಲರಿಯವರು ಬೆಳಗಾವಿ ಕಡೆಯವರು. ಹಾಳೆ ಹಿಡಿದು ನೋಡಿದರು, ತಿರುವಿ ಫ್ಯಾನ್ ಗಾಳಿಗೆ ಕೆಟ್ಟ ಮಗ್ಗುಲನ್ನೂ ನೋಡಿದರು. "ಬಾಯಾರ, ಈ ಬಾಜೂನ ಚಲೋ ಐತ್ರಿ. ಗೆರಿ ಎಷ್ಟು ಜೋರ್ ಅದಾವ! ಇದನ್ನ ಹಚ್ಚೂಣು."

"ಆಗೂದಿಲ್ರಿ. ನಾ ಬರದದ್ದು ಆ ಕಡೇದು. ಅದನ್ನ ಹಚ್ಚೋದಿದ್ರ ಹಚ್ಚರಿ, ಇಲ್ಲಾಂದ್ರ ಗೋಡಿ ಬ್ಯಾರೇದವರಿಗೆ ಕೊಡ್ರಿ" ಎಂದೆ. ಅವರು ಅತ್ತೆಯ ಕಡೆ ತಿರುಗಿ, "ನೀವರ ಹೇಳ್ರೆವ್ವಾ, ಎರಡೂ ಒಂದ ಅಲ್ಲೇನು?" ಎಂದರು.

ಅತ್ತೆ ಅವರ ಕೈಯಿಂದ ಹಾಳೆ ತೆಗೆದುಕೊಂಡು, ನಾನು ಬರೆದ ಮಗ್ಗುಲನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟರು.

"ಹೆಂಗ ಒಂದ ಆಗತೈತ್ರಿ? ಅದು ಫ್ಯಾನ್ ಮಾಡಿದ್ದು. ಇದು ನಮ್ಮ ಸೊಸಿ ಮಾಡಿದ್ದು. ನಾ ಬಾಜೂಕ ಕುಂತು ನೋಡೀನಿ."

ಗ್ಯಾಲರಿಯವರು ಬಾಗಿಲಿನೆದುರಿನ ಗೋಡೆ ಅಳೆಯಲು ಟೇಪು ಹಿಡಿದು ಎದ್ದರು.